ಪ್ರೊ ಸೈಕ್ಲಿಂಗ್‌ನಲ್ಲಿ ಯಾರು ಯಾರಿಗಾಗಿ ತುಳಿಯುತ್ತಾರೆ, ಟೀಮ್ ಯಾಕೆ ಬದಲಿಸುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟೂರ್ ಡೆ ಫ್ರಾನ್ಸ್‌ನ ದಿನದ ಸ್ಟೇಜ್, ಅಂದರೆ ಆ ದಿನದ ಓಟ, ಮುಗಿಯುವಾಗ ನಮ್ಮಲ್ಲಿ ರಾತ್ರಿ ಒಂಬತ್ತರ ಆಸುಪಾಸು. ಜುಲೈ ಪೂರ್ತಿ ನಮ್ಮ ಮನೆಯಲ್ಲಿ ಊಟದ ತಟ್ಟೆ ಕೈಯಲ್ಲಿ ಹಿಡಿದೇ ರೇಸ್ ನೋಡುವುದು. ಪಕ್ಕದಲ್ಲಿ ಕೂತವರು ಕೇಳುವ ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚು ಕಡಿಮೆ ಅವೇ. ಆಗಸ್ಟ್ ಬಂದಾಗ "ಇವನು ಆ ಟೀಮಿಗೆ ಹೋದನಂತೆ" ಎಂಬ ಸುದ್ದಿ ಶುರುವಾಗುತ್ತದೆ, ಆಗ ಇನ್ನಷ್ಟು ಪ್ರಶ್ನೆಗಳು ಸೇರಿಕೊಳ್ಳುತ್ತವೆ. ನನಗೆ ಗೊತ್ತಿರುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಗೆಲ್ಲುವುದು ಒಬ್ಬನೇ ಅಲ್ವಾ? ಹಾಗಾದರೆ ಟೀಮ್ ಯಾಕೆ ಬೇಕು?

ಗಾಳಿ ಇದಕ್ಕೆ ಕಾರಣ. ಸೈಕಲ್ ವೇಗವಾಗಿ ಓಡುವಾಗ ಕಾಲಿನ ಬಲದಲ್ಲಿ ಹೆಚ್ಚಿನ ಪಾಲು ಎದುರುಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು, ಅವನ ಬೆನ್ನಿನ ಮರೆಯಲ್ಲಿ ತುಳಿದರೆ ಅದೇ ವೇಗಕ್ಕೆ ತುಂಬಾ ಕಡಿಮೆ ಶಕ್ತಿ ಸಾಕು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬೆಳಗಿನ ಜಾವ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲು ರಸ್ತೆಯಲ್ಲಿ ಗೆಳೆಯನೊಬ್ಬ ಮುಂದೆ ಹೋದ ದಿನ ಕಾಲು ಹಗುರ. ಒಬ್ಬರೇ ಹೋದ ದಿನ ಬೆಟ್ಟದ ಬುಡ ತಲುಪುವಷ್ಟರಲ್ಲೇ ಸುಸ್ತು.

ಟೂರ್‌ನಲ್ಲಿ ಒಂದು ಟೀಮಿನಿಂದ ಎಂಟು ಜನ ಇರುತ್ತಾರೆ. 2018ಕ್ಕೆ ಮುಂಚೆ ಒಂಬತ್ತು ಜನ ಇದ್ದರು. 21 ಸ್ಟೇಜ್, ನಡುವೆ ಎರಡು ದಿನ ವಿಶ್ರಾಂತಿ, ಒಟ್ಟು ಮೂರು ವಾರ. ಅಷ್ಟೂ ದಿನ ಏಳು ಜನ ಗಾಳಿಗೆ ಎದೆ ಕೊಟ್ಟು ಒಬ್ಬನ ಕಾಲನ್ನು ಕೊನೆಯ ಘಟ್ಟಕ್ಕೆ ಉಳಿಸಿಕೊಡುತ್ತಾರೆ. ಅವರಿಲ್ಲದೆ ಆ ಒಬ್ಬ ಗೆಲ್ಲುವುದಿಲ್ಲ.

ಡೊಮೆಸ್ಟೀಕ್ ಅಂದರೆ ಯಾರು?

ಫ್ರೆಂಚ್‌ನಲ್ಲಿ ಆ ಪದಕ್ಕೆ ಮನೆಯಾಳು ಎಂದರ್ಥ. ಮೊದಲು ಅದು ಬೈಗುಳವಾಗಿತ್ತು. 1911ರ ಟೂರ್‌ನಲ್ಲಿ ಮೊರೀಸ್ ಬ್ರೊಕೊ ಎಂಬ ರೈಡರ್, ತನಗಿನ್ನು ಗೆಲ್ಲುವ ಆಸೆ ಇಲ್ಲ ಎಂದಾದ ಮೇಲೆ ದುಡ್ಡಿಗೆ ಬೇರೆಯವರಿಗೆ ನೆರವಾಗಲು ಹೊರಟರು. ಟೂರ್ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರು ಬ್ರೊಕೊರನ್ನು ಡೊಮೆಸ್ಟೀಕ್ ಎಂದು ಜರೆದರು. ಈಗ ಅದೇ ಪದ ಗೌರವದ ಕೆಲಸದ ಹೆಸರು. ಇಟಲಿಯಲ್ಲಿ ಇಂಥವರನ್ನು ಗ್ರೆಗಾರಿಯೊ ಎನ್ನುತ್ತಾರೆ.

ಅವರ ದಿನ ಹೀಗಿರುತ್ತದೆ. ಬಿಸಿಲು ಏರಿದಾಗ ಹಿಂದಿನ ಕಾರಿನ ಹತ್ತಿರ ಇಳಿದು, ಜೆರ್ಸಿಯ ಒಳಗೆಲ್ಲ ನೀರಿನ ಬಾಟಲಿ ತುಂಬಿಕೊಂಡು, ಮತ್ತೆ ನೂರೈವತ್ತು ಜನರನ್ನು ದಾಟಿ ಮುಂದೆ ಬಂದು ಎಲ್ಲರಿಗೂ ಹಂಚಬೇಕು. ನಾಯಕನ ಟೈರ್ ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿ ಕೊಡಬೇಕು, ಕೆಲವೊಮ್ಮೆ ಸೈಕಲನ್ನೇ ಕೊಡಬೇಕು. ಅವನು ಹಿಂದೆ ಬಿದ್ದರೆ ಕಾದು ನಿಂತು ಎಳೆದು ತರಬೇಕು. ಅಡ್ಡಗಾಳಿ ಬೀಸಿದರೆ ಅವನನ್ನು ಮರೆಯಲ್ಲಿಡಬೇಕು. ಕೆಲಸ ಮುಗಿದ ಮೇಲೆ ಪಕ್ಕಕ್ಕೆ ಸರಿಯಬೇಕು. ಆಮೇಲೆ ಅವರು ನಲವತ್ತನೆಯವರಾಗಿ ಬಂದರೋ ನೂರಾ ಇಪ್ಪತ್ತನೆಯವರಾಗಿ ಬಂದರೋ ಯಾರೂ ನೋಡುವುದಿಲ್ಲ.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವುದು 1934ರ ರೆನೆ ವಿಯೆಟ್ಟೊ ಕಥೆ. ಆಗ ಅವರಿಗೆ ಬರೀ ಇಪ್ಪತ್ತು ವರ್ಷ. ಘಟ್ಟ ಹತ್ತುವುದರಲ್ಲಿ ಎತ್ತಿದ ಕೈ. ಪಿರನೀಸ್ ಬೆಟ್ಟಗಳಲ್ಲಿ ಅವರ ನಾಯಕ ಆಂತೊನಾ ಮಾನ್ಯರ ಚಕ್ರ ಹಾಳಾಯಿತು. ವಿಯೆಟ್ಟೊ ತಮ್ಮ ಮುಂದಿನ ಚಕ್ರ ಕೊಟ್ಟು, ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ಕೂತು ಅತ್ತರು. ಆ ಫೋಟೊ ಇವತ್ತಿಗೂ ಜನರ ನೆನಪಿನಲ್ಲಿದೆ. ಮರುದಿನ ಮುಂದೆ ಹೋಗಿದ್ದ ವಿಯೆಟ್ಟೊ ಮತ್ತೆ ಹಿಂದಕ್ಕೆ ತಿರುಗಿ ಬಂದು ಮಾನ್ಯರಿಗೆ ಸೈಕಲ್ ಕೊಟ್ಟರು. ಮಾನ್ಯ ಆ ಟೂರ್ ಗೆದ್ದರು. ವಿಯೆಟ್ಟೊ ಐದನೆಯವರಾದರು.

ಟೀಮಿನಲ್ಲಿ ಬೇರೆ ಯಾವ ಯಾವ ಕೆಲಸ ಇರುತ್ತದೆ?

ದೇಹದ ಕಟ್ಟು ನೋಡಿಯೇ ಕೆಲಸ ಹಂಚುತ್ತಾರೆ. ಎತ್ತರ, ಭಾರ ಇದ್ದು ಬಯಲಿನಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಎಳೆಯಬಲ್ಲವರು ರೂಲರ್‌ಗಳು. ಬೆಲ್ಜಿಯಂನ ಟಿಮ್ ಡೆಕ್ಲರ್ಕ್ ಇಡೀ ಗುಂಪನ್ನು ಒಬ್ಬರೇ ಎಳೆದು ಎಳೆದು "ಟ್ರ್ಯಾಕ್ಟರ್" ಎಂದೇ ಹೆಸರಾದರು. ಸಣ್ಣ ಮೈಯವರು ಘಟ್ಟದಲ್ಲಿ ನಾಯಕನ ಜೊತೆ ಕೊನೆಯವರೆಗೆ ಇರುತ್ತಾರೆ. ಚಿಕ್ಕ, ಕಡಿದಾದ ದಿಬ್ಬಗಳಲ್ಲಿ ಚಿಮ್ಮುವವರನ್ನು ಪಂಚರ್ ಎನ್ನುತ್ತಾರೆ. ಸ್ಪ್ರಿಂಟರ್‌ಗಳು ಕೊನೆಯ ಇನ್ನೂರು ಮೀಟರಿಗಾಗಿಯೇ ಬದುಕುವವರು.

ರೋಡ್ ಕ್ಯಾಪ್ಟನ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಇವರು ಟೀಮಿನ ನಾಯಕರಾಗಿರಬೇಕೆಂದಿಲ್ಲ. ಕಾರಿನಲ್ಲಿ ಕೂತ ನಿರ್ದೇಶಕರಿಗೆ ಕಾಣದ್ದು ರಸ್ತೆಯ ಮೇಲಿರುವ ಇವರಿಗೆ ಕಾಣುತ್ತದೆ. ಗಾಳಿ ಎಲ್ಲಿ ತಿರುಗಿತು, ಯಾವ ಟೀಮಿನವರು ಸುಸ್ತಾಗಿದ್ದಾರೆ, ಈಗ ಹಿಂದಟ್ಟಬೇಕಾ ಬಿಡಬೇಕಾ ಎಂದು ಆ ಕ್ಷಣದಲ್ಲೇ ತೀರ್ಮಾನಿಸುವವರು ಇವರು. ವೇಲ್ಸ್‌ನ ಲ್ಯೂಕ್ ರೋ 2015ರಿಂದ 2019ರವರೆಗೆ ಐದು ಟೂರ್ ಗೆದ್ದ ತಂಡದಲ್ಲಿದ್ದರು. ಆ ಐದರಲ್ಲಿ, ಒಟ್ಟು ಸಮಯದ ಲೆಕ್ಕದಲ್ಲಿ ಮೊದಲಿರುವವರು ಹಾಕುವ ಹಳದಿ ಜೆರ್ಸಿ ಕೊನೆಗೆ ಮೂರು ಬೇರೆ ಬೇರೆ ಜನರ ಮೈಮೇಲಿತ್ತು. ರೋ ಐದರಲ್ಲೂ ಇದ್ದರು.

ಸ್ಪ್ರಿಂಟರ್ ಮುಂದೆ ಇರುವವನು ಕೊನೆಗೆ ಯಾಕೆ ನಿಂತುಬಿಡುತ್ತಾನೆ?

ಅವನ ಕೆಲಸ ಅಲ್ಲಿಗೆ ಮುಗಿಯಿತು ಅಂತ. ಅವನೇ ಲೀಡ್‌ಔಟ್. ಗಂಟೆಗೆ 60 ಕಿಲೋಮೀಟರ್ ದಾಟಿದ ವೇಗದಲ್ಲಿ, ಭುಜಕ್ಕೆ ಭುಜ ತಾಗುವ ನೂಕುನುಗ್ಗಲಿನಲ್ಲಿ ತನ್ನ ಸ್ಪ್ರಿಂಟರ್‌ಗೆ ದಾರಿ ಬಿಡಿಸಿ, ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ ಬಿಟ್ಟುಕೊಡುವುದು ಅವನ ಕೆಲಸ. ಅರ್ಧ ಸೆಕೆಂಡ್ ಬೇಗವಾದರೂ ಕೆಟ್ಟಿತು, ತಡವಾದರೂ ಕೆಟ್ಟಿತು.

ಡೆನ್ಮಾರ್ಕ್‌ನ ಮಿಕೇಲ್ ಮೋರ್ಕೋವ್ ಇದರಲ್ಲಿ ನಿಪುಣರು. 2021ರ ಟೂರ್‌ನಲ್ಲಿ ಕಾರ್ಕಸಾನ್ ಊರಿನಲ್ಲಿ ಮಾರ್ಕ್ ಕ್ಯಾವೆಂಡಿಷ್ ತಮ್ಮ 34ನೇ ಸ್ಟೇಜ್ ಗೆದ್ದು ಅತಿ ಹೆಚ್ಚು ಸ್ಟೇಜ್ ಗೆದ್ದ ಎಡ್ಡಿ ಮರ್ಕ್ಸ್ ದಾಖಲೆ ಸರಿಗಟ್ಟಿದರಲ್ಲ, ಆ ದಿನ ಎರಡನೆಯವರಾಗಿ ಬಂದವರು ಮೋರ್ಕೋವ್! ದಾರಿ ಮಾಡಿಕೊಟ್ಟವರೇ ಉಳಿದೆಲ್ಲ ಸ್ಪ್ರಿಂಟರ್‌ಗಳಿಗಿಂತ ಮುಂದೆ ಗೆರೆ ದಾಟಿದ್ದರು. 2023ರಲ್ಲಿ ಯಾಸ್ಪರ್ ಫಿಲಿಪ್ಸೆನ್ ನಾಲ್ಕು ಸ್ಟೇಜ್ ಗೆದ್ದಾಗ ಅವರಿಗೆ ದಾರಿ ಬಿಡಿಸುತ್ತಿದ್ದವರು ಮ್ಯಾಥ್ಯೂ ವಾನ್ ಡೆರ್ ಪೂಲ್. ಅದೇ ಆಗಸ್ಟ್‌ನಲ್ಲಿ ವಾನ್ ಡೆರ್ ಪೂಲ್ ವಿಶ್ವ ಚಾಂಪಿಯನ್ ಆದರು. ಅಷ್ಟು ದೊಡ್ಡ ರೈಡರ್ ಇನ್ನೊಬ್ಬರ ಗೆಲುವಿಗಾಗಿ ದುಡಿಯುವುದನ್ನು ನೋಡುವುದೇ ಖುಷಿ.

ಇಲ್ಲೂ ಐಪಿಎಲ್ ತರಹ ಹರಾಜು ಇದೆಯಾ?

ಇಲ್ಲ. ಹರಾಜೂ ಇಲ್ಲ, ಫುಟ್‌ಬಾಲ್‌ನ ಹಾಗೆ ಕೋಟಿಗಟ್ಟಲೆ ಟ್ರಾನ್ಸ್‌ಫರ್ ಹಣದ ಸಂಪ್ರದಾಯವೂ ಇಲ್ಲ. ರೈಡರ್ ಒಂದು ಟೀಮಿನ ಜೊತೆ ಎರಡೋ ಮೂರೋ ವರ್ಷದ ಒಪ್ಪಂದ ಮಾಡಿಕೊಳ್ಳುತ್ತಾರೆ. ಒಪ್ಪಂದ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜನವರಿ 1ರಿಂದ ಅವರು ಸ್ವತಂತ್ರರು, ಹೊಸ ಟೀಮ್ ಹಳೆಯ ಟೀಮಿಗೆ ಬಿಡಿಗಾಸೂ ಕೊಡಬೇಕಿಲ್ಲ. ಸಾಮಾನ್ಯವಾಗಿ ನಡೆಯುವುದು ಇಷ್ಟೇ.

ಹೊಸದಾಗಿ ಪ್ರೊ ಆದವರಿಗೆ ದೊಡ್ಡ ಟೀಮುಗಳು ಕನಿಷ್ಠ ಎರಡು ವರ್ಷದ ಒಪ್ಪಂದ ಕೊಡಬೇಕು. ಒಳ್ಳೆಯ ನಿಯಮ ಇದು. ಮೊದಲ ವರ್ಷ ಹುಡುಗರು ಗುಂಪಿನ ವೇಗಕ್ಕೆ ಒಗ್ಗಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಇನ್ನೂ ಎಳೆಯರನ್ನು ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ತರಬೇತಿಗೆಂದು ಸೇರಿಸಿಕೊಂಡು ಪರೀಕ್ಷಿಸುವ ಪದ್ಧತಿಯೂ ಇದೆ.

ಎಲ್ಲ ಸುದ್ದಿಯೂ ಆಗಸ್ಟ್ 1ಕ್ಕೇ ಯಾಕೆ ಬರುತ್ತದೆ?

ಸ್ವಿಟ್ಜರ್ಲೆಂಡ್‌ನ ಏಗ್ಲ್ ಊರಿನಲ್ಲಿರುವ ಯುಸಿಐ ಈ ಆಟದ ಆಡಳಿತ ಸಂಸ್ಥೆ. ಮುಂದಿನ ವರ್ಷದ ಟೀಮ್ ಬದಲಾವಣೆಯನ್ನು ಆಗಸ್ಟ್ 1ಕ್ಕೆ ಮುಂಚೆ ಘೋಷಿಸಬಾರದು ಎಂಬುದು ಅದರ ನಿಯಮ. ಮಾತುಕತೆ ತಿಂಗಳುಗಳ ಮುಂಚೆಯೇ ನಡೆದಿರುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೂ ಈ ನಿಯಮದಿಂದ ಒಂದು ಉಪಕಾರ ಇದೆ. ಜುಲೈನಲ್ಲಿ ಒಬ್ಬ ರೈಡರ್ ಈ ಟೀಮಿನ ಬಟ್ಟೆ ಹಾಕಿಕೊಂಡು ಮುಂದಿನ ವರ್ಷದ ಟೀಮಿನವರ ಪಕ್ಕದಲ್ಲೇ ತುಳಿಯುತ್ತಿರುತ್ತಾನೆ. ಅದು ಬಹಿರಂಗವಾಗಿದ್ದರೆ ಅವನ ಪ್ರತಿ ನಡೆಯ ಮೇಲೂ ಜನ ಸಂಶಯ ಪಡುತ್ತಿದ್ದರು.

ಒಪ್ಪಂದ ಮುಗಿಯುವ ಮುಂಚೆ ಬಿಟ್ಟು ಹೋಗಬಹುದಾ?

ಹೋಗಬಹುದು, ಆದರೆ ಹಳೆಯ ಟೀಮ್, ಹೊಸ ಟೀಮ್, ರೈಡರ್ ಮೂವರೂ ಒಪ್ಪಬೇಕು. ಮುಂಚೆ ಇದು ಅಪರೂಪವಾಗಿತ್ತು, ಈಗ ಜಾಸ್ತಿಯಾಗುತ್ತಿದೆ. 2023ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಕಿಯಾನ್ ಔಟ್‌ಡೆಬ್ರೂಕ್ಸ್ ಒಪ್ಪಂದದ ಒಂದು ವರ್ಷ ಬಾಕಿ ಇರುವಾಗಲೇ ಬೋರಾ ಬಿಟ್ಟು ವಿಸ್ಮಾ ಸೇರಲು ಹೊರಟು ದೊಡ್ಡ ಜಟಾಪಟಿಯೇ ಆಯಿತು. ರೆಮ್ಕೊ ಎವೆನೆಪೂಲ್ ಒಪ್ಪಂದ 2026ರ ಕೊನೆಯವರೆಗೂ ಇತ್ತು. ಆದರೂ 2026 ಶುರುವಾಗುವಾಗಲೇ ಅವರು ಕ್ವಿಕ್‌ಸ್ಟೆಪ್ ಬಿಟ್ಟು ರೆಡ್‌ಬುಲ್ ಬೋರಾ ಸೇರುವುದು 2025ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು.

ಹುವಾನ್ ಅಯುಸೊ ಪ್ರಕರಣ ಇನ್ನೂ ಕಹಿ. ಯುಎಇ ಟೀಮಿನ ಜೊತೆ 2028ರವರೆಗೆ ಒಪ್ಪಂದ ಇತ್ತು. 2025ರಲ್ಲಿ ಸ್ಪೇನ್‌ನ ಮೂರು ವಾರದ ರೇಸ್ ವುವೆಲ್ಟಾ ನಡೆಯುತ್ತಿರುವಾಗಲೇ, ವಿಶ್ರಾಂತಿ ದಿನ, ಆ ಒಪ್ಪಂದ ಈ ವರ್ಷಕ್ಕೇ ಮುಗಿಯುತ್ತದೆ ಎಂದು ಟೀಮ್ ಪ್ರಕಟಿಸಿತು. ಬಿರುಕು ಶುರುವಾದದ್ದು ಅದಕ್ಕೂ ಮುಂಚೆ. 2024ರ ಟೂರ್‌ನಲ್ಲಿ ಗಾಲಿಬಿಯೆ ಘಟ್ಟ ಹತ್ತುವಾಗ ಟೀಮಿನ ನಾಯಕ ತಾದೇಯ್ ಪೊಗಾಚಾರ್‌ಗಾಗಿ ಎಳೆಯುವ ಸರದಿ ಬಂದರೂ ಅಯುಸೊ ಹಿಂದೆಯೇ ಉಳಿದರು. ಜೊತೆಗಾರ ಜೊವಾವ್ ಅಲ್ಮೇಡಾ ಮುಂದೆ ಬಾ ಎಂದು ಕೈ ಬೀಸಿ ಕರೆದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ತಪ್ಪು ಯಾರದು ಎಂದು ಹೇಳುವುದು ಕಷ್ಟ. ಅಯುಸೊ ನಾಯಕನಾಗುವ ಶಕ್ತಿ ಇರುವ ಹುಡುಗ, ಆದರೆ ಪೊಗಾಚಾರ್ ಒಪ್ಪಂದ 2030ರವರೆಗಿದೆ. ಕಾಯುತ್ತಾ ಕೂತರೆ ಒಳ್ಳೆಯ ವರ್ಷಗಳೆಲ್ಲ ಮುಗಿದುಹೋಗುತ್ತವೆ. ಹಾಗಾಗಿ ಅವರು ಲಿಡ್ಲ್ ಟ್ರೆಕ್ ಕಡೆ ಹೋದದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ಅದೇ ಬಾಯಲ್ಲಿ ಇದನ್ನೂ ಹೇಳಬೇಕು. ಆ ದಿನ ಎಳೆಯಬೇಕಿತ್ತು.

ಒಂದೇ ಟೀಮಿನಲ್ಲಿ ಇಬ್ಬರು ನಾಯಕರಿದ್ದರೆ ಏನಾಗುತ್ತದೆ?

ಹೆಚ್ಚಿನ ಸಲ ಒಬ್ಬರು ಬೇರೆ ಟೀಮ್ ಹುಡುಕುತ್ತಾರೆ. 1985ರಲ್ಲಿ ಬರ್ನಾರ್ ಇನೋ ಐದನೇ ಟೂರ್ ಗೆಲ್ಲಲು ಅಮೆರಿಕದ ಗ್ರೆಗ್ ಲೆಮಾಂಡ್ ನೆರವಾದರು. ಮುಂದಿನ ವರ್ಷ ನಿನಗೆ ನಾನು ದುಡಿಯುತ್ತೇನೆ ಎಂದು ಇನೋ ಮಾತು ಕೊಟ್ಟರು. ಆದರೆ 1986ರಲ್ಲಿ ಅವರೇ ದಾಳಿಯ ಮೇಲೆ ದಾಳಿ ಮಾಡಿದರು. ಕೊನೆಗೆ ಗೆದ್ದದ್ದು ಲೆಮಾಂಡ್. ಇಬ್ಬರೂ ಆಲ್ಪ್ ದ್ಯುವೆಸ್ ಬೆಟ್ಟದ ಮೇಲೆ ಕೈ ಹಿಡಿದು ಗೆರೆ ದಾಟಿದ ಫೋಟೊ ನೋಡಿದರೆ ಒಳಗಿನ ಜಗಳ ಗೊತ್ತಾಗುವುದೇ ಇಲ್ಲ. 2012ರ ಟೂರ್‌ನಲ್ಲಿ ಕ್ರಿಸ್ ಫ್ರೂಮ್ ಘಟ್ಟದಲ್ಲಿ ತಮ್ಮ ನಾಯಕ ಬ್ರಾಡ್ಲಿ ವಿಗಿನ್ಸ್‌ಗಿಂತ ಬಲವಾಗಿ ಕಂಡರು. ಒಮ್ಮೆ ಮುಂದೆ ಚಿಮ್ಮಿದವರು ಮತ್ತೆ ನಿಂತು ಕಾದರು. ವಿಗಿನ್ಸ್ ಗೆದ್ದರು, ಫ್ರೂಮ್ ಎರಡನೆಯವರಾದರು. ಮುಂದಿನ ವರ್ಷ ಫ್ರೂಮ್‌ಗೆ ಹಳದಿ ಜೆರ್ಸಿ ಸಿಕ್ಕಿತು.

2023ರ ವುವೆಲ್ಟಾವನ್ನಂತೂ ನಾನು ಮರೆಯುವುದಿಲ್ಲ. ಅಮೆರಿಕದ ಸೆಪ್ ಕುಸ್ ಅದೇ ವರ್ಷ ಇಟಲಿಯ ಮೂರು ವಾರದ ರೇಸ್ ಜಿರೊದಲ್ಲಿ ಪ್ರಿಮೋಜ್ ರೋಗ್ಲಿಚ್‌ಗೆ, ಟೂರ್‌ನಲ್ಲಿ ಯೋನಾಸ್ ವಿಂಗೆಗೋಗೆ ದುಡಿದು ಇಬ್ಬರನ್ನೂ ಗೆಲ್ಲಿಸಿದ್ದರು. ವುವೆಲ್ಟಾದಲ್ಲಿ ಮೊದಲಿರುವವರ ಕೆಂಪು ಜೆರ್ಸಿ ಕುಸ್ ಮೈಮೇಲೆಯೇ ಬಂತು. ಆದರೆ ಅಂಗ್ಲಿರು ಎಂಬ ಭಯಂಕರ ಏರಿನಲ್ಲಿ ರೋಗ್ಲಿಚ್, ವಿಂಗೆಗೋ ಇಬ್ಬರೂ ಅವರನ್ನು ಬಿಟ್ಟು ಮುಂದೆ ಹೋದರು! ಬೇರೆ ಟೀಮಿನ ಮಿಕೆಲ್ ಲಾಂಡಾ ಜೊತೆ ತುಳಿದು ಬಂದ ಕುಸ್ ಬರೀ 8 ಸೆಕೆಂಡಿನಲ್ಲಿ ಜೆರ್ಸಿ ಉಳಿಸಿಕೊಂಡರು. ಅಭಿಮಾನಿಗಳ ಸಿಟ್ಟು ನೋಡಬೇಕಿತ್ತು. ಕೊನೆಗೆ ಟೀಮ್ ಕುಸ್ ಬೆನ್ನಿಗೆ ನಿಂತಿತು. ಮ್ಯಾಡ್ರಿಡ್ ತಲುಪುವಾಗ ಅವರು ವಿಂಗೆಗೋಗಿಂತ 17 ಸೆಕೆಂಡ್ ಮುಂದಿದ್ದರು. ರೋಗ್ಲಿಚ್ ಮೂರನೆಯವರು. ಆ ಋತು ಮುಗಿದ ಮೇಲೆ ರೋಗ್ಲಿಚ್ ಬೋರಾ ಟೀಮಿಗೆ ಹೋದರು, ಮರುವರ್ಷ ತಮ್ಮ ನಾಲ್ಕನೇ ವುವೆಲ್ಟಾ ಗೆದ್ದರು.

ದೊಡ್ಡ ರೈಡರ್ ಟೀಮ್ ಬದಲಿಸಿದಾಗ ಏನನ್ನು ಗಮನಿಸಬೇಕು?

ಅವರ ಜೊತೆ ಇನ್ಯಾರು ಹೋಗುತ್ತಿದ್ದಾರೆ ಎಂಬುದನ್ನು. ಸಂಬಳದ ಸುದ್ದಿಗಿಂತ ನನಗೆ ಇದೇ ಮುಖ್ಯ. ಕ್ಯಾವೆಂಡಿಷ್ 2012ರಲ್ಲಿ ವಿಶ್ವ ಚಾಂಪಿಯನ್ ಆಗಿ ಸ್ಕೈ ಟೀಮಿನಲ್ಲಿದ್ದರು. ಆ ಟೂರ್‌ನಲ್ಲಿ ಮೂರು ಸ್ಟೇಜ್ ಗೆದ್ದರು. ಆದರೆ ಟೀಮಿನ ಮನಸ್ಸೆಲ್ಲ ವಿಗಿನ್ಸ್ ಅವರ ಹಳದಿ ಜೆರ್ಸಿಯ ಮೇಲಿತ್ತು. ಸ್ಪ್ರಿಂಟ್‌ಗೆಂದು ಪೂರ್ತಿ ಕಟ್ಟಿದ ಸಾಲು ಅಲ್ಲಿರಲಿಲ್ಲ. ಒಂದೇ ವರ್ಷಕ್ಕೆ ಅವರು ಹೊರಟರು.

2024ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಆಗ ಕ್ಯಾವೆಂಡಿಷ್ ಇದ್ದದ್ದು ಅಸ್ತಾನಾ ಟೀಮಿನಲ್ಲಿ. ಮರ್ಕ್ಸ್ ದಾಖಲೆ ಮುರಿಯಲು ಇನ್ನೊಂದೇ ಒಂದು ಸ್ಟೇಜ್ ಬೇಕಿತ್ತು. ಟೀಮಿನವರು ಕ್ವಿಕ್‌ಸ್ಟೆಪ್‌ನಿಂದ ಮೋರ್ಕೋವ್‌ರನ್ನು ಕರೆತಂದರು. ಕ್ಯಾವೆಂಡಿಷ್‌ಗೆ ಹೊಂದಿಕೊಂಡಿದ್ದ ಕೋಚ್ ವಸಿಲಿಸ್ ಅನಸ್ತೊಪೊಲಸ್‌ರನ್ನೂ ಕರೆತಂದರು. ಜುಲೈ 3ರಂದು ಸಾಂ ವುಲ್ಬಾ ಊರಿನಲ್ಲಿ, 39ನೇ ವಯಸ್ಸಿನಲ್ಲಿ, 35ನೇ ಗೆಲುವು ಬಂತು. ಒಬ್ಬ ಮನುಷ್ಯನ ಒಂದು ಗೆಲುವಿಗಾಗಿ ಎಷ್ಟು ಜನ ಟೀಮ್ ಬದಲಿಸಿದರು ನೋಡಿ.

ಸೈಮನ್ ಯೇಟ್ಸ್ 2025ಕ್ಕೆ ವಿಸ್ಮಾ ಸೇರಿದಾಗ, ಅಲ್ಲಿ ವಿಂಗೆಗೋ ಇರುವಾಗ ಇವರಿಗೇನು ಕೆಲಸ ಎಂದು ಹಲವರು ಕೇಳಿದರು. ಉತ್ತರ ಮೇ 31ರಂದು ಫಿನೆಸ್ಟ್ರೆ ಘಟ್ಟದಲ್ಲಿ ಸಿಕ್ಕಿತು. ಜಿರೊದ ಕೊನೆಯ ಹಿಂದಿನ ದಿನ ಅದು. 2018ರಲ್ಲಿ ಇದೇ ಘಟ್ಟದಲ್ಲಿ ಯೇಟ್ಸ್ ಜಿರೊದಲ್ಲಿ ಮೊದಲಿರುವವರ ಗುಲಾಬಿ ಜೆರ್ಸಿ ಕಳೆದುಕೊಂಡಿದ್ದರು. ಈ ಸಲ ವೌಟ್ ವಾನ್ ಆರ್ಟ್ ಮೊದಲೇ ಮುಂದಿನ ಗುಂಪಿನಲ್ಲಿ ಹೋಗಿ, ಘಟ್ಟ ದಾಟಿ ಕಾಯುತ್ತಿದ್ದರು. ಯೇಟ್ಸ್ ಒಬ್ಬರೇ ಏರಿ ಬಂದರು. ಅಲ್ಲಿಂದ ಸೆಸ್ತ್ರಿಯೆರೆ ಕಡೆಗೆ ವಾನ್ ಆರ್ಟ್ ಎಳೆದದ್ದೇ ಎಳೆದದ್ದು. ಜಿರೊ ಯೇಟ್ಸ್ ಕೈ ಸೇರಿತು. ಹಳೆಯ ಟೀಮಿನಲ್ಲಿ ಅವರಿಗೆ ವಾನ್ ಆರ್ಟ್ ಇರಲಿಲ್ಲ.

ಪಾಯಿಂಟ್ಸ್ ವಿಷಯಕ್ಕೆ ಯಾಕೆ ಅಷ್ಟು ಗಲಾಟೆ?

ವರ್ಲ್ಡ್‌ಟೂರ್‌ನಲ್ಲಿ (ಪ್ರೊ ಸೈಕ್ಲಿಂಗ್‌ನ ಅತಿ ಮೇಲಿನ ದರ್ಜೆ) 18 ಟೀಮಿಗೆ ಜಾಗ. ಮೂರು ವರ್ಷದ ಪಾಯಿಂಟ್ಸ್ ಕೂಡಿಸಿ, ಕೆಳಗಿರುವವರನ್ನು ಇಳಿಸುತ್ತಾರೆ. 2022ರ ಕೊನೆಗೆ ಲೊಟ್ಟೊ, ಇಸ್ರೇಲ್ ಟೀಮುಗಳು ಹೀಗೆ ಇಳಿದವು. ಆ ಲೆಕ್ಕದಲ್ಲಿ ಟೂರ್‌ನ ಒಂದು ಸ್ಟೇಜ್ ಗೆದ್ದರೆ 120 ಪಾಯಿಂಟ್, ಹೆಸರೇ ಕೇಳದ ಒಂದು ದಿನದ ಸಣ್ಣ ರೇಸ್ ಗೆದ್ದರೆ 125! 2023ರಿಂದ ಸ್ಟೇಜ್ ಗೆಲುವಿಗೆ 210 ಮಾಡಿದರು.

ಡೊಮೆಸ್ಟೀಕ್‌ಗಳಿಗೆ ಇದರಿಂದ ನೇರ ಪೆಟ್ಟು. ನೀರು ತಂದದ್ದಕ್ಕೆ ಪಾಯಿಂಟ್ ಇಲ್ಲ, ನೂರು ಕಿಲೋಮೀಟರ್ ಗಾಳಿಯಲ್ಲಿ ಎಳೆದದ್ದಕ್ಕೂ ಇಲ್ಲ. ಕೆಳಗಿಳಿಯುವ ಭಯದಲ್ಲಿರುವ ಟೀಮ್ ಸಹಜವಾಗಿಯೇ ಪಾಯಿಂಟ್ ತರುವವರನ್ನು ಹುಡುಕುತ್ತದೆ. ಬರೀ ಇನ್ನೊಬ್ಬರಿಗಾಗಿ ದುಡಿದವರ ಲೆಕ್ಕದ ಪಟ್ಟಿ ಖಾಲಿ. ಈ ಅನ್ಯಾಯಕ್ಕೆ ಯುಸಿಐ ಇನ್ನೂ ಸರಿಯಾದ ದಾರಿ ಹುಡುಕಿಲ್ಲ ಎಂಬುದೇ ನನ್ನ ಬೇಸರ.

ಪ್ರಾಯೋಜಕರು ಕೈಬಿಟ್ಟರೆ?

ಟೀಮೇ ಮುಚ್ಚಬಹುದು. ರಸ್ತೆ ಬದಿಯಲ್ಲಿ ನಿಂತು ರೇಸ್ ನೋಡಲು ಟಿಕೆಟ್ ಇಲ್ಲ. ಹಾಗಾಗಿ ಹಣದ ಹೆಚ್ಚಿನ ಪಾಲು ಬರುವುದು ಜೆರ್ಸಿಯ ಮೇಲಿನ ಹೆಸರಿನಿಂದಲೇ. ಅದಕ್ಕೇ ಟೀಮುಗಳ ಹೆಸರೂ ಬದಲಾಗುತ್ತಲೇ ಇರುತ್ತದೆ. ಸ್ಕೈ 2019ರಲ್ಲಿ ಇನಿಯೋಸ್ ಆಯಿತು. 2022ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಬಿ ಅಂಡ್ ಬಿ ಹೊಟೆಲ್ಸ್ ಟೀಮ್ ನಿಂತುಹೋಯಿತು. ಅಲ್ಲಿಗೆ ಹೋಗಬೇಕಿದ್ದ ಕ್ಯಾವೆಂಡಿಷ್‌ಗೆ ಜನವರಿಯಲ್ಲಿ ಅಸ್ತಾನಾ ಸಿಕ್ಕಿತು. ಉಳಿದ ಟೀಮುಗಳ ಜಾಗವೆಲ್ಲ ಅಷ್ಟರಲ್ಲಿ ಹೆಚ್ಚುಕಡಿಮೆ ತುಂಬಿರುತ್ತದೆ. ಹೆಸರಿಲ್ಲದವರಿಗೆ ಆ ಹೊತ್ತಿನಲ್ಲಿ ಟೀಮ್ ಸಿಗುವುದು ಬಹಳ ಕಷ್ಟ. 2025ರ ಕೊನೆಗೆ ಅರ್ಕೆಯಾ ಟೀಮೂ ಮುಚ್ಚಿತು. ಸಂಬಳ ಮುಳುಗದಿರಲೆಂದು ಟೀಮುಗಳು ಮೊದಲೇ ಬ್ಯಾಂಕ್ ಗ್ಯಾರಂಟಿ ಇಡಬೇಕೆಂಬ ನಿಯಮ ಇದೆ. ಸಂಬಳಕ್ಕೆ ಅದು ಆಸರೆ, ಕೆಲಸ ಹೋದರೆ ಹೋಯಿತು.

ಗೆದ್ದ ದುಡ್ಡು ಯಾರಿಗೆ?

ಟೂರ್ ಗೆದ್ದವರಿಗೆ 5 ಲಕ್ಷ ಯೂರೋ. ಒಂದು ಸ್ಟೇಜಿಗೆ 11,000 ಯೂರೋ. ಟೀಮಿನ ಬಹುಮಾನವನ್ನೆಲ್ಲ ಒಟ್ಟುಗೂಡಿಸಿ ಜೊತೆಗಾರರು, ಮೆಕ್ಯಾನಿಕ್‌ಗಳು, ಮಾಲಿಶ್ ಮಾಡುವವರು ಎಲ್ಲರಿಗೂ ಹಂಚುವುದು ಹಳೆಯ ಪದ್ಧತಿ.

ಹೆಂಗಸರ ರೇಸ್‌ಗಳಲ್ಲೂ ಹೀಗೆಯೇನಾ?

ಹೀಗೆಯೇ. 2024ರ ಮಹಿಳೆಯರ ಟೂರ್‌ನ ಐದನೇ ಸ್ಟೇಜಿನಲ್ಲಿ ಹಳದಿ ಜೆರ್ಸಿ ಹಾಕಿದ್ದ ಡೆಮಿ ವೊಲರಿಂಗ್ ಗುರಿ ಹತ್ತಿರವಿರುವಾಗ ಬಿದ್ದರು. ಅದೇ ದಿನ ಸ್ಟೇಜ್ ಗೆದ್ದವರು ಅವರದೇ ಟೀಮಿನ ಬ್ಲಾಂಕಾ ವಾಸ್. ವೊಲರಿಂಗ್‌ಗಾಗಿ ಹೆಚ್ಚು ಜನ ಕಾಯಬೇಕಿತ್ತಲ್ಲ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದಿತು. ಕೊನೆಯ ದಿನ ಆಲ್ಪ್ ದ್ಯುವೆಸ್ ಏರಿ ಗೆದ್ದರೂ ಒಟ್ಟು ಲೆಕ್ಕದಲ್ಲಿ ವೊಲರಿಂಗ್ 4 ಸೆಕೆಂಡಿನಲ್ಲಿ ಕಾಸಿಯಾ ನಿಯೆವಿಯಾಡೊಮಾಗೆ ಸೋತರು. ಮೂರು ವಾರವಲ್ಲ, ಎಂಟು ಸ್ಟೇಜಿನ ರೇಸ್ ಅದು. ಸರಿಪಡಿಸಿಕೊಳ್ಳಲು ದಿನಗಳೇ ಇರಲಿಲ್ಲ. 2025ಕ್ಕೆ ಅವರು ಎಸ್‌ಡಿ ವರ್ಕ್ಸ್ ಬಿಟ್ಟು ಫ್ರಾನ್ಸ್‌ನ ಎಫ್‌ಡಿಜೆ ಸೇರಿದರು.

ನಮ್ಮವರು ಯಾರಾದರೂ ಇದ್ದಾರಾ?

ಟೂರ್ ಡೆ ಫ್ರಾನ್ಸ್ ತುಳಿದ ಭಾರತೀಯರು ಇನ್ನೂ ಇಲ್ಲ. ಆದರೆ ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಬಂದಿದ್ದಾರೆ. ಅವರಿಗೆ ಬೇಕಿರುವುದು ಯುರೋಪಿನ ಗುಂಪಿನ ಮಧ್ಯೆ ವರ್ಷಗಟ್ಟಲೆ ತುಳಿಯುವ ಅವಕಾಶ. ಅಲ್ಲಿಗೆ ಹೋದವರು ಮೊದಲು ಡೊಮೆಸ್ಟೀಕ್ ಆಗಿಯೇ ಶುರು ಮಾಡುತ್ತಾರೆ.

ಹೊಸದಾಗಿ ನೋಡುವವರು ಎಲ್ಲಿ ಕಣ್ಣಿಡಬೇಕು?

ಘಟ್ಟ ಶುರುವಾದಾಗ ಮುಂದಿರುವ ಟೀಮಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಎಣಿಸಿ. ಒಬ್ಬೊಬ್ಬರು ಎಳೆದು ಪಕ್ಕಕ್ಕೆ ಸರಿದಾಗ ಅವರ ಮುಖ ನೋಡಿ. ಕೆಲವರು ಸರಿದ ಕೂಡಲೇ ಬಹುತೇಕ ನಿಂತೇಬಿಡುತ್ತಾರೆ. ಗೆರೆ ದಾಟಿದ ತಕ್ಷಣ ಟಿವಿ ಆಫ್ ಮಾಡಬೇಡಿ. ಗೆದ್ದವರ ಸಂದರ್ಶನ ಮುಗಿದು ಅರ್ಧ ಗಂಟೆಯಾದ ಮೇಲೆ ಹಿಂದಿನ ದೊಡ್ಡ ಗುಂಪೊಂದು ಬರುತ್ತದೆ. ಸ್ಪ್ರಿಂಟರ್‌ಗಳು, ಬೆಳಿಗ್ಗೆಯಿಂದ ಎಳೆದವರು, ಬಿದ್ದು ಮೊಣಕೈ ತರಚಿಕೊಂಡವರು, ಬೇರೆ ಬೇರೆ ಟೀಮಿನವರೆಲ್ಲ ಒಟ್ಟಿಗೆ. ನಿಗದಿತ ಸಮಯದೊಳಗೆ ಬರದಿದ್ದರೆ ನಾಳೆ ಓಡಿಸಲು ಬಿಡುವುದಿಲ್ಲ. ಅದಕ್ಕಾಗಿ ಯಾರ ಟೀಮ್ ಯಾವುದು ಎಂದು ನೋಡದೆ ಸರದಿಯಂತೆ ಗಾಳಿ ಹಂಚಿಕೊಂಡು ಬರುತ್ತಾರೆ.